ಚಿಕ್ಕಮಾವ ಕರೆತಂದ ಕಣಜಗಳು

ಮೊನ್ನೆ ಬೆಳಗ್ಗೆ ಮುನಿಸಿಪಾಲಿಟಿಯವರು ಬಂದು ನಮ್ಮ ಮನೆಯ ಹಿಂದಿನ ಚರಂಡಿಗೆ ಔಷಧ ಹೊಡೆದು ಹೋದರು. ನಾನು ಅಡುಗೆಮನೆಯ ಕಿಟಕಿಯ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಗಾಳಿ ಇತ್ತ ತಿರುಗಿ ಆ ವಾಸನೆ ಒಳಗೆ ಬಂತು. ಒಣಗಿದ ಸುಣ್ಣದಂಥ ಘಾಟು, ಅದರ ಹಿಂದೆಯೇ ಎಲ್ಲೋ ಕಳಿತ ಹಣ್ಣಿನಂಥ ಒಂದು ಸಿಹಿ... ಮಗಳು ಓಡಿಬಂದು ಕಿಟಕಿ ಎಳೆದಳು. "ಯಾಕಮ್ಮಾ, ತಲೆ ಸುತ್ತುತ್ತಾ?" ಅಂದಳು. ಇಲ್ಲ ಅಂದೆ. ಆ ಹೊತ್ತಿನಲ್ಲಿ ನಾನು ಕೋಲಾರದ ಈ ಮನೆಯಲ್ಲಿ ಇರಲೇ ಇಲ್ಲ ಅಂತ ಅವಳಿಗೆ ಹೇಗೆ ಹೇಳಲಿ? ಹೂ ಬಿಟ್ಟ ಮಾವಿನ ಮರಕ್ಕೆ ಏಣಿ ಹಾಕಿ, ತಲೆಗೆ ಟವೆಲು ಸುತ್ತಿ, ಕಣ್ಣಿನ ರೆಪ್ಪೆಯವರೆಗೂ ಬಿಳಿ ಪುಡಿ ಮೆತ್ತಿಕೊಂಡು ಒಬ್ಬರು ನಗುತ್ತಾ ನಿಂತಿದ್ದರು. ನಾನು ಕೆಳಗೆ ನಿಂತು ಅವರನ್ನೇ ನೋಡುತ್ತಿದ್ದೆ.

ಅವರು ನನ್ನ ಮಾವನವರ ತಮ್ಮ. ನಾನು ಚಿಕ್ಕಮಾವ ಅನ್ನುತ್ತಿದ್ದೆ.

ನಾನು ಮಾಲೂರು ಕಡೆಯವಳು. ಮೂವತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಯಾಗಿ ಶ್ರೀನಿವಾಸಪುರದ ಹತ್ತಿರದ ಆ ಹಳ್ಳಿಗೆ ಬಂದೆ. ಅತ್ತೆ ತೀರಿಹೋಗಿದ್ದರು. ನನ್ನ ಗಂಡನಿಗೆ ಚಿನ್ನದ ಗಣಿಯಲ್ಲಿ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಉಳಿದಂತೆ ಆ ದೊಡ್ಡ ಮನೆಯಲ್ಲಿ ಮಾವ, ಚಿಕ್ಕಮಾವ ಮತ್ತು ನಾನು. ಮಾವ ದಪ್ಪ ದನಿಯ ಮನುಷ್ಯ. ಅವರು ಕೆಮ್ಮಿದರೆ ಹಟ್ಟಿಯಲ್ಲಿ ಎತ್ತುಗಳು ಎದ್ದು ನಿಲ್ಲುತ್ತಿದ್ದವು. ಚಿಕ್ಕಮಾವ ಅದಕ್ಕೆ ತದ್ವಿರುದ್ಧ. ಮನೆಯೊಳಗೆ ಬಂದರೋ ಹೋದರೋ ತಿಳಿಯುತ್ತಿರಲಿಲ್ಲ. ಬೆಂಗಳೂರಿನಲ್ಲಿ ಕಾಲೇಜು ಓದಿ, ಏನೋ ಬೇಸರವಾಗಿ ಬಿಟ್ಟು ಬಂದವರು. ಮದುವೆಯಾಗಿರಲಿಲ್ಲ. ಬಣ್ಣ ಮಾಸಿದ ಕೋಟು ಹಾಕಿಕೊಂಡು, ಅದರ ಜೇಬಿನಲ್ಲಿ ಒಂದು ಭೂತಗನ್ನಡಿ ಇಟ್ಟುಕೊಂಡು, ದಿನವೆಲ್ಲ ತೋಟದಲ್ಲಿರುತ್ತಿದ್ದರು.

ನಾನು ಬಂದ ಹೊಸದರಲ್ಲಿ ಒಮ್ಮೆ ತೋಟಕ್ಕೆ ಊಟ ತೆಗೆದುಕೊಂಡು ಹೋಗಿದ್ದೆ. ಅವರು ಒಂದು ಎಲೆಯನ್ನು ಮಗುಚಿ ಹಿಡಿದು ನೋಡುತ್ತಿದ್ದರು. ತಲೆ ಎತ್ತದೆಯೇ, "ಹುಳ ಕಂಡ್ರೆ ಭಯಾನಾ ಅಮ್ಮಣ್ಣಿ?" ಅಂದರು.

"ತವರಲ್ಲಿ ರೇಷ್ಮೆ ಹುಳ ಸಾಕ್ತಿದ್ವಿ," ಅಂದೆ.

"ಹಾಗಾದ್ರೆ ಸರಿ," ಅಂದು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಅಷ್ಟೇ. ಅಂದಿನಿಂದ ನಾವಿಬ್ಬರೂ ಸ್ನೇಹಿತರಾದೆವು.

ಆ ತೋಟ... ರಸಪುರಿ, ಮಲಗೋವ, ಬಾದಾಮಿ, ಅಂಚಿನಲ್ಲಿ ಹೆಸರಿಲ್ಲದ ಹುಳಿ ಮಾವಿನ ಮುದಿ ಮರಗಳು. ಮಾಘ ಮಾಸದಲ್ಲಿ ಹೂ ಬಂದಾಗ ಇಡೀ ತೋಟದ ಮೇಲೆ ತೆಳುವಾದ ಹಳದಿ ಹೊಗೆ ಕೂತಂತೆ ಕಾಣುತ್ತಿತ್ತು. ಬೆಳಗಿನ ಬಿಸಿಲು ಅದರೊಳಗೆ ಇಳಿದರೆ ನೆಲ ಯಾವುದು, ಆಕಾಶ ಯಾವುದು ಗೊತ್ತಾಗುತ್ತಿರಲಿಲ್ಲ. ಮರದ ಕೆಳಗೆ ನಿಂತರೆ ಒಂದು ಸದ್ದು. ಜೇನು, ನೊಣ, ಕಣ್ಣಿಗೆ ಸರಿಯಾಗಿ ಕಾಣದ ಇನ್ನೇನೇನೋ ರೆಕ್ಕೆಗಳು, ಎಲ್ಲ ಸೇರಿ ಒಂದೇ ಶ್ರುತಿ. ದೂರದಲ್ಲಿ ಯಾರೋ ತಂಬೂರಿಯ ಒಂದೇ ತಂತಿಯನ್ನು ಮೀಟುತ್ತಾ ಕೂತಿದ್ದಾರೆ ಅನ್ನಿಸುತ್ತಿತ್ತು. ಚಿಕ್ಕಮಾವ ಅಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಾನೂ ನಿಲ್ಲುತ್ತಿದ್ದೆ. ಒಲೆಯ ಮೇಲೆ ಎಸರಿಟ್ಟದ್ದು ಮರೆತೇ ಹೋಗುತ್ತಿತ್ತು.

ಆದರೆ ಆ ಹೂವಿಗೆ ಒಂದು ಶಾಪವಿತ್ತು. ಅಕ್ಕಿಕಾಳಿಗಿಂತ ಸಣ್ಣ ಜಿಗಿಹುಳುಗಳು ಗೊಂಚಲಿಗೆ ಮುತ್ತಿ ರಸ ಹೀರುತ್ತಿದ್ದವು. ರೆಂಬೆ ಅಲುಗಿಸಿದರೆ ತುಂತುರು ಮಳೆಯಂತೆ ಪಟಪಟನೆ ಉದುರಿ ಮತ್ತೆ ಹಾರಿ ಅಲ್ಲೇ ಕೂರುತ್ತಿದ್ದವು. ಅವು ಸುರಿಸಿದ ಅಂಟಿನಿಂದ ಮರದ ಕೆಳಗಿನ ಹುಲ್ಲೂ ಮಿರುಗುತ್ತಿತ್ತು. ನಮ್ಮ ಕಡೆ ತೆಲುಗು ಕನ್ನಡ ಎರಡೂ ಬೆರೆತ ಬಾಯಿ. ಅದನ್ನು ತೇನೆಮಂಚು ಅನ್ನುತ್ತಿದ್ದರು, ಜೇನಿನ ಮಂಜು ಅಂತ. ಎಂಥ ಚೆಂದದ ಹೆಸರು! ಅದು ಬಿದ್ದ ವರ್ಷ ಹೂವೆಲ್ಲ ಕಂದು ಬಣ್ಣಕ್ಕೆ ತಿರುಗಿ ಉದುರಿ, ಉಪ್ಪಿನಕಾಯಿಗೂ ಮಿಡಿ ಸಿಗುತ್ತಿರಲಿಲ್ಲ.

ಯುದ್ಧದ ವರ್ಷಗಳಲ್ಲಿ ತೇನೆಮಂಚು ಮೇಲಿಂದ ಮೇಲೆ ಬಂತು. ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಇದ್ದಿಲಿಗೆ ಎಲ್ಲಿಲ್ಲದ ಬೇಡಿಕೆ. ಮಾವ ಒಂದು ಸಂಜೆ ಜಗುಲಿಯ ಮೇಲೆ ಕೂತು, "ಕಾಯಿ ಕೊಡದ ಮರ ಇಟ್ಕೊಂಡು ಏನ್ ಪೂಜೆ ಮಾಡೋದೇನ್ಲಾ? ಎಲ್ಲಾ ಕಡಿಸಿ ಇದ್ದಿಲು ಮಾಡಿಸ್ತೀನಿ. ಆ ನೆಲದಾಗೆ ರಾಗಿ ಚೆಲ್ಲಿದ್ರೆ ಮನೆಮಂದಿ ಉಣ್ಣಬೌದು," ಅಂದರು.

ಚಿಕ್ಕಮಾವ ಜಗುಲಿಯ ಮೆಟ್ಟಿಲ ಹತ್ತಿರ ಬಂದು ನಿಂತರು. "ಇನ್ನೊಂದು ವರ್ಷ ತಡ್ಕೋ ಅಣ್ಣಾ," ಅಂದರು. ಮುಂದಿನ ವರ್ಷವೂ ಅದನ್ನೇ ಅಂದರು. ಹಾಗೆ ಬೇಡುತ್ತಲೇ ಯುದ್ಧ ಮುಗಿಯುವವರೆಗೆ ಆ ಮರಗಳ ಜೀವ ಉಳಿಸಿದರು.

ಯುದ್ಧ ಮುಗಿದು ಒಂದೆರಡು ವರ್ಷಕ್ಕೆ ಡಿಡಿಟಿ ಬಂತು. ಮಲೇರಿಯಾದ ಸೊಳ್ಳೆಗೆ ಅಂತ ಮೊದಲು ಊರೂರಿನ ಗೋಡೆಗಳಿಗೆ ಹೊಡೆದರು. ಗೋಡೆಯ ಬುಡದಲ್ಲಿ ಸತ್ತುಬಿದ್ದ ನೊಣಗಳನ್ನು ನಾನು ಪೊರಕೆಯಲ್ಲಿ ಗುಡಿಸಿ ಮೊರದಲ್ಲಿ ತುಂಬಿದೆ. ಚಿಕ್ಕಮಾವ ಮೊರದೊಳಗೆ ಬಗ್ಗಿ ನೋಡಿದರು. ಮಾರನೆಯ ದಿನವೇ ಬೆಂಗಳೂರಿಗೆ ಹೊರಟರು. ಬರುವಾಗ ಕಾಲಿನಲ್ಲಿ ತುಳಿಯುವ ಒಂದು ಪಂಪು, ಉದ್ದನೆಯ ರಬ್ಬರು ಕೊಳವೆ, ತಗಡಿನ ಡಬ್ಬಗಳಲ್ಲಿ ಬಿಳಿ ಪುಡಿ ಎಲ್ಲ ಗಾಡಿಯಲ್ಲಿ ತುಂಬಿಕೊಂಡು ಬಂದರು.

ಆ ವರ್ಷದ ಹೂವಿಗೆ ಪುಡಿಯನ್ನು ನೀರಿನಲ್ಲಿ ಕದಡಿ ಹೊಡೆದರು. ಆಳುಗಳು ಪಂಪು ತುಳಿದರು, ಚಿಕ್ಕಮಾವ ತಾವೇ ಏಣಿ ಹತ್ತಿದರು. ಜಿಗಿಹುಳುಗಳು ಉದುರಿದವು, ಮತ್ತೆ ಮೇಲೇಳಲಿಲ್ಲ. ಆ ಬೇಸಿಗೆ ಮರಗಳು ನೆಲ ಮುಟ್ಟುವಂತೆ ಕಾಯಿ ಹೊತ್ತು ನಿಂತವು. ರೆಂಬೆಗಳಿಗೆ ಕವೆಗೋಲು ಕೊಟ್ಟು ನಿಲ್ಲಿಸಬೇಕಾಯಿತು. ಮುಳಬಾಗಿಲಿಂದ, ವಕ್ಕಲೇರಿಯಿಂದಲೂ ಗಾಡಿ ಕಟ್ಟಿಕೊಂಡು ನೋಡಲು ಜನ ಬಂದರು. ಮಾವ ತಮ್ಮನ ಹೆಗಲ ಮೇಲೆ ಕೈ ಹಾಕಿಕೊಂಡು ತೋಟ ತೋರಿಸುತ್ತಾ, "ನಮ್ಮ ತಮ್ಮ ಓದಿದ್ದು ದಂಡವಾಗಲಿಲ್ಲ ನೋಡ್ರಪ್ಪ," ಅನ್ನುತ್ತಿದ್ದರು. ಚಿಕ್ಕಮಾವ ಅಷ್ಟು ಸಂತೋಷವಾಗಿದ್ದುದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಪಕ್ಕದ ತೋಟಗಳವರೂ ಅವರನ್ನು ಕೇಳಿಕೊಂಡೇ ಪಂಪು ತರಿಸಿದರು.

ಎರಡನೆಯ ವರ್ಷ ಇನ್ನೂ ಜೋರಾಗಿ ಹೊಡೆದರು. ಹೂವಿಗೂ ಹೊಡೆದರು, ಚಿಗುರಿಗೂ ಹೊಡೆದರು.

ಮೊದಲು ಏನಾಯಿತು ಅನ್ನುವುದು ನನಗೆ ಸ್ಪಷ್ಟವಾಗಿ ನೆನಪಿಲ್ಲ... ಒಂದು ಬೆಳಗ್ಗೆ ಮರದ ಕೆಳಗೆ ನಿಂತಾಗ ಆ ತಂಬೂರಿಯ ಶ್ರುತಿ ಇಲ್ಲ ಅನ್ನಿಸಿತು. ಚಳಿಗೆ ಇರಬಹುದು ಅಂದುಕೊಂಡೆ. ಮಳೆಗಾಲ ಕಳೆಯುವ ಹೊತ್ತಿಗೆ ಎಲೆಗಳ ಅಡಿಯಲ್ಲಿ ಹೆಸರುಬೇಳೆಯ ಸಿಪ್ಪೆಯಂಥ ಚಪ್ಪಟೆ ಚಿಪ್ಪುಗಳು ಕಂಡವು. ಅವೂ ಹುಳುಗಳೇ. ಜಾಗ ಬಿಟ್ಟು ಕದಲದೆ ಕೂತಲ್ಲೇ ರಸ ಹೀರುವ ಹುಳುಗಳು. ಹಿಂದೆಯೂ ಅಲ್ಲೊಂದು ಇಲ್ಲೊಂದು ಇದ್ದವು, ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಗ ನರನರಕ್ಕೂ ಒತ್ತೊತ್ತಾಗಿ ಕೂತಿದ್ದವು. ಅವು ಸುರಿಸಿದ ಅಂಟಿನ ಮೇಲೆ ಮಸಿಯಂಥ ಬೂಷ್ಟು ಹಬ್ಬಿತು. ನೋಡನೋಡುತ್ತ ಮರಗಳು ಮೇಲಿಂದ ಕೆಳಗಿನವರೆಗೆ ಕಪ್ಪಾದವು. ಬೆಂಕಿಯೇ ಇಲ್ಲದೆ ಹೊಗೆ ಹಿಡಿದ ಅಡುಗೆಮನೆಯ ಜಂತೆಗಳ ಹಾಗೆ. ಎಲೆ ಮುಟ್ಟಿದರೆ ಬೆರಳು ಕಾಡಿಗೆಯಾಗುತ್ತಿತ್ತು. ಮತ್ತೆ ಪುಡಿ ಹೊಡೆದರು. ಚಿಪ್ಪಿನ ಹುಳುಗಳಿಗೆ ಅದು ತಾಗಲೇ ಇಲ್ಲ. ಇನ್ನೂ ಹೆಚ್ಚಿದವು.

ಚಿಕ್ಕಮಾವನಿಗೆ ಊಟ ಸೇರದಾಯಿತು. ಕಪ್ಪು ಎಲೆಗಳ ಕೆಳಗೆ ಸುಮ್ಮನೆ ಅಡ್ಡಾಡುತ್ತಿದ್ದರು. ಆಗ ಸಂತೆಗೆ ಹೋಗಿಬಂದ ನಮ್ಮ ಗಾಡಿಯವನು ಒಂದು ಮಾತು ತಂದ. "ಮುಳಬಾಗಿಲು ಕಡೆ ದೊಡ್ಡಮ್ಮೋರ ತೋಟದಾಗೆ ಒಂದೆಲೆ ಕಪ್ಪಾಗಿಲ್ಲ ಸಾಮಿ. ಆ ಯಮ್ಮ ಪಂಪಿನೋರನ್ನ ಗೇಟಿನೊಳಕ್ಕೇ ಬಿಟ್ಟಿಲ್ವಂತೆ."

ದೊಡ್ಡಮ್ಮೋರು ಅಂದರೆ ಈ ಅಣ್ಣತಮ್ಮಂದಿರ ಅಕ್ಕ. ನನಗೆ ದೊಡ್ಡತ್ತೆ. ಆಕೆಗೂ ಚಿಕ್ಕಮಾವನಿಗೂ ವರ್ಷಗಳಿಂದ ಮಾತಿರಲಿಲ್ಲ. ಅಕ್ಕನ ಮಗಳನ್ನು ತರುವುದು ನಮ್ಮಲ್ಲಿ ಪದ್ಧತಿ. ದೊಡ್ಡತ್ತೆ ತನ್ನ ಮಗಳನ್ನು ತಮ್ಮನಿಗೇ ಅಂತ ಇಟ್ಟುಕೊಂಡಿದ್ದರು. ಚಿಕ್ಕಮಾವ, ಸೊಂಟದ ಮೇಲೆ ಎತ್ತಿ ಆಡಿಸಿದ ಮಗು ಅದು, ಹೆಂಡತಿ ಅಂತ ಹೇಗೆ ಕರೆಯಲಿ ಅಂದುಬಿಟ್ಟರಂತೆ. ಹುಡುಗಿಗೆ ಪುಂಗನೂರಿನ ಒಳ್ಳೆ ಮನೆಯೇ ಸಿಕ್ಕಿತು. ಆದರೂ ನೆಂಟರೆದುರು ತಲೆ ತಗ್ಗಿಸುವಂತೆ ಮಾಡಿದ ಅಂತ ದೊಡ್ಡತ್ತೆಗೆ ಕೋಪ ಆರಿರಲಿಲ್ಲ. ಪಂಪು ತಮ್ಮನ ಕಡೆಯದು ಅಂತ ತಿಳಿದೇ ಆಕೆ ಅದನ್ನು ಹೊರಗೆ ನಿಲ್ಲಿಸಿದ್ದು.

ಚಿಕ್ಕಮಾವ ಒಂದು ವಾರ ಯೋಚಿಸಿದರು. ಕೊನೆಗೆ ನನ್ನ ಹತ್ತಿರ ಬಂದು, "ಅಮ್ಮಣ್ಣಿ, ನೀನೂ ಜೊತೇಲಿ ಬಾ. ಸೊಸೆ ಬಾಗಿಲಿಗೆ ಬಂದ್ರೆ ಅಕ್ಕ ಕದ ಹಾಕಲ್ಲ," ಅಂದರು.

ನಸುಕಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಬೋಳು ಬಂಡೆಯ ಗುಡ್ಡಗಳು, ಮಧ್ಯೆ ಮಧ್ಯೆ ಕಣ್ಣಿಗೆ ಬಿದ್ದು ಮರೆಯಾಗುವ ಕೆರೆಗಳು. ಗಾಡಿ ತೂಗಿದ ಹಾಗೆ ನನಗೆ ನಿದ್ದೆ ಬರುತ್ತಿತ್ತು, ಎಚ್ಚರಾದಾಗಲೆಲ್ಲ ಚಿಕ್ಕಮಾವ ಅದೇ ಭಂಗಿಯಲ್ಲಿ ಕೂತಿರುತ್ತಿದ್ದರು. ಊಟದ ಹೊತ್ತು ಮೀರಿ ತಲುಪಿದೆವು. ದೊಡ್ಡತ್ತೆ ಅಂಗಳದಲ್ಲಿ ಹುಣಸೆ ಹಣ್ಣು ಕುಟ್ಟುತ್ತಿದ್ದರು. ತಮ್ಮನನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ.

"ಏಮ್ರಾ, ದಾರಿ ತಪ್ಪಿ ಬಂದ್ಯಾ?"

"ಇಲ್ಲಕ್ಕ. ನಿನ್ ತೋಟ ನೋಡೋಕೆ ಬಂದೆ."

"ನನ್ನನ್ನ ನೋಡೋಕೆ ಬರಲಿಲ್ಲ?"

ಚಿಕ್ಕಮಾವ ಚಪ್ಪಲಿ ಬಿಟ್ಟು ಅಂಗಳದ ಅಂಚಿಗೆ ಬಂದರು. ನಿಂತೇ ಇದ್ದರು. ದೊಡ್ಡತ್ತೆ ಕುಟ್ಟಿದರು, ಕುಟ್ಟಿದರು, ಆಮೇಲೆ ಒನಕೆ ಗೋಡೆಗೆ ಒರಗಿಸಿ ಕಣ್ಣು ಒರೆಸಿಕೊಂಡರು. "ಕೋಟು ಯಾಕೋ ಹಿಂಗೆ ಜೋತಾಡ್ತೈತೆ? ಅಣ್ಣ ಅನ್ನ ಹಾಕಲ್ವಾ ನಿಂಗೆ?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಬಾ ತಾಯಿ, ಕಾಲು ತೊಳ್ಕೋ. ಇವನಿಗೆ ಬುದ್ಧಿ ಇಲ್ಲ, ಬಿಸಿಲಾಗೆ ನಿನ್ನೂ ಕರ್ಕೊಂಡು ಬಂದವ್ನೆ," ಅಂದರು.

ಬಾಣಂತನಕ್ಕೆ ಬಂದಿದ್ದ ಮಗಳು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಕೂಸನ್ನು ಚಿಕ್ಕಮಾವನ ಕೈಗೆ ಹಾಕಿ, "ತಗೊಳ್ಳಿ ಮಾವ, ಎತ್ತಿ ಆಡಿಸೋದಕ್ಕೆ ಇನ್ನೊಂದು," ಅಂದು ನಕ್ಕಳು. ದೊಡ್ಡತ್ತೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಇಷ್ಟು ವರ್ಷದ ಮುನಿಸು ಅಲ್ಲಿಗೆ ಮುಗಿಯಿತು.

ಊಟವಾದ ಮೇಲೆ ತೋಟಕ್ಕೆ ಹೋದೆವು. ಎಲೆಗಳು ಎಣ್ಣೆ ಸವರಿದಂತೆ ಹಸಿರಾಗಿದ್ದವು. ಚಿಪ್ಪಿನ ಹುಳುಗಳು ಅಲ್ಲಿಯೂ ಇದ್ದವು, ಹುಡುಕಿದರೆ ರೆಂಬೆಗೆ ಒಂದೋ ಎರಡೋ. ಚಿಕ್ಕಮಾವ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ ನನಗೆ ಕೊಟ್ಟರು. ನಮ್ಮ ತೋಟದ ಚಿಪ್ಪುಗಳು ತಿಳಿ ಬಣ್ಣದವು. ಇಲ್ಲಿನವು ಹೆಚ್ಚಿನವೆಲ್ಲ ಕಪ್ಪಗೆ ಉಬ್ಬಿಕೊಂಡಿದ್ದವು. ಅವುಗಳಲ್ಲಿ ಹಲವುಗಳ ಬೆನ್ನಿನಲ್ಲಿ ಸೂಜಿಮೊನೆಯಲ್ಲಿ ಚುಚ್ಚಿದಂತೆ ಒಂದು ದುಂಡನೆಯ ತೂತು.

"ಯಾವುದೋ ಒಂದು ಒಳಗಿಂದ ಕೊರ್ಕೊಂಡು ಆಚೆ ಬಂದಿದೆ," ಅಂದರು.

ತೂತಾಗದೆ ಕಪ್ಪಗಿದ್ದ ಚಿಪ್ಪುಗಳಿರುವ ರೆಂಬೆಗಳನ್ನು ಆರಿಸಿ ಮುರಿದುಕೊಂಡು, ಒದ್ದೆ ಬಟ್ಟೆ ಸುತ್ತಿ ಮನೆಗೆ ತಂದೆವು. ಉಪ್ಪಿನಕಾಯಿಯ ಗಾಜಿನ ಭರಣಿಯಲ್ಲಿ ಇಟ್ಟು ನನ್ನ ಹಳೆಯ ಮಲ್ಲಿನ ಸೀರೆಯ ತುಂಡನ್ನು ಬಾಯಿಗೆ ಕಟ್ಟಿದೆ. ಕೆಲವು ದಿನಗಳಾದ ಮೇಲೆ ಒಂದು ಬೆಳಗ್ಗೆ ನೋಡಿದರೆ ಬಟ್ಟೆಯ ಒಳಮೈಯಲ್ಲಿ ಎಳ್ಳಿನ ಧೂಳಿನಂಥ ಚುಕ್ಕೆಗಳು ಓಡಾಡುತ್ತಿದ್ದವು. ಭೂತಗನ್ನಡಿ ಹಿಡಿದೆ. ನಾಲ್ಕು ರೆಕ್ಕೆ, ಮಣಿ ಪೋಣಿಸಿದಂಥ ಮೀಸೆ, ಕಪ್ಪು ಮೈ, ಬೆನ್ನ ಮೇಲೆ ಅರಿಸಿನದ ಬೊಟ್ಟು ಇಟ್ಟಂತೆ ಒಂದು ಹಳದಿ ಚುಕ್ಕೆ. ಕಿಟಕಿಯ ಬೆಳಕು ಬಿದ್ದ ಕಡೆಗೆ ಎಲ್ಲವೂ ಸರಿದು ಬರುತ್ತಿದ್ದವು.

"ಏನಿವು ಚಿಕ್ಕಮಾವ?"

"ಕಣಜ ಅಮ್ಮಣ್ಣಿ."

"ಇಷ್ಟು ಸಣ್ಣ ಕಣಜಾನಾ? ಕಚ್ಚಲ್ವಾ?"

"ನಮ್ಮನ್ನ ಕಚ್ಚಿ ಇವಕ್ಕೇನಾಗ್ಬೇಕು? ಆ ಚಿಪ್ಪಿನ ಹುಳದ ಮೈಯೊಳಗೆ ಮೊಟ್ಟೆ ಇಡ್ತವೆ. ಮರಿ ಒಳಗಡೆ ಅದನ್ನೇ ತಿಂದು ಬೆಳೆದು, ರೆಕ್ಕೆ ಬಂದ ಮೇಲೆ ತೂತು ಮಾಡ್ಕೊಂಡು ಹೊರಡ್ತವೆ. ನಮ್ಮಪ್ಪ ನಮ್ಮ ತಾತನ ಕಾಲದಿಂದ ಮರ ಕಾಯ್ತಿದ್ದವರು ಇವರೇ. ನಾವು ಯಾರೂ ನೋಡಿರಲಿಲ್ಲ."

ಅಷ್ಟು ಹೇಳಿ ಎದ್ದುಹೋದರು. ಚಿಪ್ಪಿನ ಹುಳು ಕೂತಿದ್ದ ನಮ್ಮ ತೋಟದ ಒಂದು ಎಲೆಗೆ ಡಬ್ಬದ ಪುಡಿ ಸವರಿ ತಂದು ಇನ್ನೊಂದು ಭರಣಿಯಲ್ಲಿ ಇಟ್ಟರು. ಕೆಲವು ಕಣಜಗಳನ್ನು ಅದರೊಳಗೆ ಬಿಟ್ಟರು. ಅವು ಎಲೆಯ ಮೇಲೆ ನಡೆದವು. ಕಾಲು ಒದರಿದವು. ಸುತ್ತಿದವು. ನಾನು ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಎಲ್ಲವೂ ಬೆನ್ನು ಕೆಳಗಾಗಿ ಬಿದ್ದಿದ್ದವು. ಚಿಪ್ಪಿನ ಹುಳು ಮಾತ್ರ ತನ್ನ ಗುರಾಣಿಯ ಕೆಳಗೆ ಸುಖವಾಗಿತ್ತು.

ಚಿಕ್ಕಮಾವ ಆ ಭರಣಿಯ ಎದುರು ಹಾಗೇ ಕೂತಿದ್ದರು. ಅವರ ಕೈಗಳನ್ನು ನೋಡಿದೆ. ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿದ್ದವು, ಬೇರೆ ಯಾರದೋ ಕೈಗಳಂತೆ. "ಊರಿಗೆಲ್ಲ ನಾನೇ ಹೇಳ್ಕೊಟ್ಟೆ," ಅಂದರು.

ಅಂದು ಸಂಜೆ ಅಣ್ಣನ ಮುಂದೆ ನಿಂತು, ಇನ್ನು ಪುಡಿ ಬೇಡ ಅಂದರು. ಮಾವನಿಗೆ ಅರ್ಥವಾಗಲಿಲ್ಲ. "ನೀನೇ ತಂದೆ. ನೀನೇ ಹೊಡೆದೆ. ಈಗ ನೊಣಕ್ಕಿಂತ ಸಣ್ಣ ಹುಳ ತೋರಿಸಿ ಬೇಡ ಅಂತೀಯ. ಪುಡಿ ಬಿಟ್ರೆ ತೇನೆಮಂಚು ಬರಲ್ವಾ?"

"ಬರತ್ತೆ. ಅದಕ್ಕೆ ಹೊಗೆಸೊಪ್ಪಿನ ಕಷಾಯ ಹೊಡೆಯೋಣ. ಅದರ ಘಾಟು ಬೇಗ ಹೋಗ್ಬಿಡತ್ತೆ. ಈ ಪುಡಿ ವಾರಗಟ್ಟಲೆ ಎಲೆಗಂಟಿ ಕೂತಿರತ್ತೆ ಅಣ್ಣಾ. ಕಣಜ ಬಂದ್ರೂ ಬದುಕಲ್ಲ."

ಮಾತಿಗೆ ಮಾತು ಬೆಳೆಯಿತು. ತೋಟದ ನಡುವೆ ಒಂದು ಗಾಡಿದಾರಿ ಇತ್ತು. ಮಾವ ಎದ್ದು ನಿಂತು, "ದಾರಿಯಿಂದ ಆಚೆ ನಿಂದು, ಈಚೆ ನಂದು. ನಿನ್ ಭಾಗದಾಗೆ ಕಣಜ ಸಾಕೋ, ಹಾವು ಸಾಕೋ," ಅಂದುಬಿಟ್ಟರು.

ಅಲ್ಲಿಂದ ಆ ಮನೆಯಲ್ಲಿ ಅಣ್ಣತಮ್ಮಂದಿರ ಮಾತು ನಿಂತಿತು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು, ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರಲಿಲ್ಲ. ನಾನು ನಡುವೆ ಸಾರಿನ ಪಾತ್ರೆ ಹಿಡಿದು ಓಡಾಡುತ್ತಿದ್ದೆ. ಹೇಳುವುದಿದ್ದರೆ ಇಬ್ಬರೂ ನನ್ನ ಮೂಲಕ ಹೇಳಬೇಕು.

ಚಿಕ್ಕಮಾವ ಮತ್ತೆ ಮತ್ತೆ ಅಕ್ಕನ ಊರಿಗೆ ಹೋಗಿ ರೆಂಬೆ ತಂದರು. ನಾವಿಬ್ಬರೂ ಅವನ್ನು ಬಾಳೆನಾರಿನಿಂದ ಆ ಕಪ್ಪು ಮರಗಳಿಗೆ ಕಟ್ಟಿದೆವು. ಹರಕೆಯ ಮರಕ್ಕೆ ಬಟ್ಟೆ ಕಟ್ಟುವವರ ಹಾಗೆ ಕಾಣುತ್ತಿದ್ದಿರಬೇಕು. ದಾರಿಯಲ್ಲಿ ಹೋಗುವವರು ನಿಂತು ನಗುತ್ತಿದ್ದರು. ಈಚೆ ಮಾವನ ಆಳುಗಳು ಪುಡಿ ಹೊಡೆಯುವಾಗ ಗಾಳಿಯಲ್ಲಿ ಬಿಳಿ ಮಂಜು ದಾರಿ ದಾಟಿ ಬರುತ್ತಿತ್ತು. ಚಿಕ್ಕಮಾವ ನನಗೆ, "ಗಾಳಿ ಈ ಕಡೆಗೆ ಬೀಸೋವಾಗ ಹೊಡೀಬೇಡಿ ಅಂತ ನಿಮ್ಮ ಮಾವನಿಗೆ ಹೇಳಮ್ಮ," ಅಂದರು. ಹೇಳಿದೆ. "ಗಾಳಿ ಏನು ನಮ್ಮಪ್ಪಂದಾ ಅಂತ ಕೇಳು," ಅಂದರು ಮಾವ.

ಆದರೆ ಮುಂದಿನ ಸಲ ಪಂಪು ಹೊರಡುವ ಮೊದಲು ಮಾವ ದಾರಿಯ ನಡುವೆ ನಿಂತು ಒಂದು ಹಿಡಿ ಮಣ್ಣು ಎತ್ತಿ ಬೆರಳ ಸಂದಿಯಿಂದ ಬಿಟ್ಟರು. ಅದು ತಮ್ಮನ ಕಡೆಗೆ ಹಾರಿತು. "ಇವತ್ತು ಬ್ಯಾಡ, ನಾಳೆ ಬರ್ರೋ," ಅಂದು ಆಳುಗಳನ್ನು ಕಳಿಸಿದರು. ಚಿಕ್ಕಮಾವ ಮರದ ಮರೆಯಿಂದ ಅದನ್ನು ನೋಡಿದರು.

ಮೊದಲ ವರ್ಷ ಆಚೆ ಭಾಗದಲ್ಲಿ ಒಂದು ಕಾಯಿ ನಿಲ್ಲಲಿಲ್ಲ. ಚಿಕ್ಕಮಾವ ದಿನಾ ಎಲೆ ಮಗುಚುತ್ತಿದ್ದರು. ಬರುತ್ತವೆ ಅಂತಲೂ ಹೇಳುತ್ತಿರಲಿಲ್ಲ, ಬರುವುದಿಲ್ಲ ಅಂತಲೂ ಹೇಳುತ್ತಿರಲಿಲ್ಲ. ಒಮ್ಮೆ ಮಾತ್ರ, "ಹೋದವರನ್ನ ಕರೆದ್ರೆ ಬರೋಕೆ ಅವರಿಗೂ ಮನಸ್ಸಾಗಬೇಕಲ್ಲಾ ಅಮ್ಮಣ್ಣಿ," ಅಂದರು.

ಮಳೆ ಬಂತು. ಮಸಿ ಸ್ವಲ್ಪ ತೊಳೆಯಿತು. ಮಳೆ ನಿಂತ ಮೇಲೆ ಹೊಸ ಚಿಗುರು ತಾಮ್ರದ ಬಣ್ಣದಲ್ಲಿ ಹೊರಟಿತು. ಚಿಗುರು ಬಲಿತು ಹಸಿರಾಯಿತು, ಹಸಿರಾಗಿಯೇ ಉಳಿಯಿತು. ಒಂದು ಮಧ್ಯಾಹ್ನ ಚಿಕ್ಕಮಾವ ನನ್ನನ್ನು ಕೂಗಿದರು. ಅವರು ಕೂಗಿದ್ದು ನಾನು ಕೇಳಿದ್ದು ಅದೊಂದೇ ಸಲ. ಓಡಿ ಹೋದೆ. ಎಲೆಯ ಅಡಿಯಲ್ಲಿ ಕಪ್ಪಗೆ ಉಬ್ಬಿದ ಚಿಪ್ಪುಗಳ ಸಾಲು. ಒಂದರಲ್ಲಿ ತೂತು ಆಗುತ್ತಾ ಇತ್ತು. ಒಳಗಿಂದ ಒಂದು ಪುಟ್ಟ ತಲೆ ಹೊರಗೆ ಬಂತು, ಮೀಸೆ ಒರೆಸಿಕೊಂಡಿತು, ಮೈ ಎಳೆದುಕೊಂಡು ಎಲೆಯ ಮೇಲೆ ನಿಂತಿತು. ಅರಿಸಿನದ ಬೊಟ್ಟು ಬಿಸಿಲಿಗೆ ಹೊಳೆಯಿತು. ಇದ್ದಕ್ಕಿದ್ದಂತೆ ಅದು ಇರಲಿಲ್ಲ...

ಈಚೆಯ ಮರಗಳು ಇನ್ನೂ ಕಪ್ಪಾಗಿಯೇ ಇದ್ದವು. ಒಂದು ಬೆಳಗ್ಗೆ ನಾನು ಭೂತಗನ್ನಡಿ ಹಿಡಿದು ಆಚೆ ಎಲೆ ನೋಡುತ್ತಿದ್ದೆ, ಮಾವ ಕೋಲೂರಿಕೊಂಡು ದಾರಿ ದಾಟಿ ಅಲ್ಲಿಗೆ ಬಂದರು. ಒಂದು ಎಲೆ ಕಿತ್ತು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಕಾಣದೆ ನನ್ನ ಕಡೆ ಕೈ ಚಾಚಿದರು. ಭೂತಗನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿದರು. "ತೂತು ಐತೆ," ಅಂದರು. ಅಷ್ಟೇ ಅಂದು ಮನೆಗೆ ಬಂದರು. ಆಳನ್ನು ಕರೆದು ಪಂಪನ್ನು ಅಟ್ಟಕ್ಕೆ ಹಾಕಿಸಿದರು. ಅಂದು ಊಟಕ್ಕೆ ಕೂತಾಗ ನಾನು ಚಿಕ್ಕಮಾವನಿಗೆ ಬಡಿಸಿ ಮುಂದೆ ಹೋದೆ. ಮಾವ ತಲೆ ಎತ್ತದೆ, "ಇನ್ನೊಂದು ಮುದ್ದೆ ಹಾಕ್ಕೊಳ್ಳೋ. ಅಕ್ಕ ನನ್ನನ್ನ ಬಯ್ತಾಳೆ," ಅಂದರು. ಚಿಕ್ಕಮಾವ ಹಾಕಿಸಿಕೊಂಡರು. ಅದನ್ನು ಉಂಡು ಮುಗಿಸುವವರೆಗೂ ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಪುಡಿ ಹೊಡೆದ ಮೊದಲ ವರ್ಷದಷ್ಟು ಕಾಯಿ ಆ ತೋಟದಲ್ಲಿ ಮತ್ತೆ ಬರಲಿಲ್ಲ. ಅದನ್ನು ಹೇಳಿಬಿಡಬೇಕು. ತೇನೆಮಂಚು ಬೀಳುವ ವರ್ಷ ಬೀಳುತ್ತಲೇ ಇತ್ತು. ಕಷಾಯಕ್ಕೆ ಜಿಗಿಹುಳುಗಳು ಕೆಲವು ಸಾಯುತ್ತಿದ್ದವು, ಕೆಲವು ಉಳಿಯುತ್ತಿದ್ದವು. ಆದರೆ ಮರಗಳು ಉಳಿದವು, ಎಲೆ ಹಸಿರಾಯಿತು, ತಿನ್ನುವಷ್ಟು ಮಾರುವಷ್ಟು ಹಣ್ಣು ಬಂತು. ಹೂವಿನ ಕಾಲದಲ್ಲಿ ಆ ಶ್ರುತಿ ಮೊದಲು ಬಹಳ ತೆಳುವಾಗಿ, ಆಮೇಲೆ ಸ್ವಲ್ಪ ಗಟ್ಟಿಯಾಗಿ ತಿರುಗಿ ಬಂತು. ಚಿಕ್ಕಮಾವ ತಾವೇ ಪಂಪು ತರಿಸಿಕೊಟ್ಟಿದ್ದ ಮನೆಗಳಿಗೆಲ್ಲ ಹೋಗಿ, ಹೊಡೆಯಬೇಡಿ ಅಂತ ಹೇಳಿ ಬಂದರು. ಕೆಲವರು ಕೇಳಿದರು. ಹಲವರು ಮಜ್ಜಿಗೆ ಕೊಟ್ಟು ಕಳಿಸಿದರು.

ಐವತ್ತರ ದಶಕ ಶುರುವಾಗಿ ಒಂದೆರಡು ವರ್ಷ ಕಳೆದ ಒಂದು ಮಳೆಗಾಲದ ಕೊನೆಯಲ್ಲಿ ಅವರಿಗೆ ಜ್ವರ ಬಂತು. ವಿಷಮಶೀತಜ್ವರ ಅಂದರು. ಕೋಲಾರಕ್ಕೆ ಕರೆದುಕೊಂಡು ಹೋಗಿ ತೋರಿಸಿದೆವು. ಇಳಿದಂತಾಗಿ ಮತ್ತೆ ಏರಿತು. ದೊಡ್ಡತ್ತೆ ಬಂದು ತಲೆದಿಂಬಿನ ಹತ್ತಿರ ಕೂತವರು ಏಳಲಿಲ್ಲ. ಮಾವ ಹೊರಗೆ ಜಗುಲಿಯಲ್ಲಿ ಕೂತು, ಒಳಗೆ ಯಾರೇ ಹೋಗಲಿ ಬರಲಿ, ಹೇಗಿದ್ದಾನೆ ಅಂತ ಕೇಳುತ್ತಿದ್ದರು, ತಾವು ಒಳಗೆ ಬರುತ್ತಿರಲಿಲ್ಲ. ಕೊನೆಯ ದಿನದ ಮಧ್ಯಾಹ್ನ ನಾನು ಒದ್ದೆ ಬಟ್ಟೆ ಬದಲಾಯಿಸುತ್ತಿದ್ದೆ. ಚಿಕ್ಕಮಾವ ಕಣ್ಣು ಬಿಟ್ಟು, "ಗಾಳಿ ಯಾವ ಕಡೆಗಿದೆ ಅಮ್ಮಣ್ಣಿ?" ಅಂದರು.

"ಅತ್ತ ಬೀಸ್ತಿದೆ ಚಿಕ್ಕಮಾವ. ನಮ್ಮ ಕಡೆಗಿಲ್ಲ," ಅಂದೆ.

ತಲೆ ಆಡಿಸಿದರು. ಬಿಸಿಲು ಇಳಿಯುವ ಮೊದಲೇ ಹೋದರು. "ನಾಕಂಟೆ ಮುಂದೇ ಪೋತಾವಾರಾ, ನನಗಿಂತ ಮುಂಚೆ ಹೊರಟ್ಯಾ," ಅಂತ ದೊಡ್ಡತ್ತೆ ಎರಡೂ ಭಾಷೆಯಲ್ಲಿ ಅವರನ್ನು ಬೈದರು. ಮಾವ ಆಗ ಒಳಗೆ ಬಂದರು.

ಮಾವ ಇರುವವರೆಗೆ ತೋಟಕ್ಕೆ ಪಂಪು ಬರಲಿಲ್ಲ. ಆಮೇಲೆ ತೋಟ ಭಾಗವಾಯಿತು, ಭಾಗಗಳು ಕೈ ಬದಲಾದವು. ಹೋದ ವರ್ಷ ಮದುವೆಯೊಂದಕ್ಕೆ ಹೋಗುವಾಗ ಕಾರು ಆ ದಾರಿಯಲ್ಲೇ ಹೋಯಿತು. ಹೂವಿನ ಕಾಲ. ಯಾವುದೋ ಯಂತ್ರ ಗುಡುಗುತ್ತಿತ್ತು, ಮರಗಳು ಬಿಳಿ ಮಂಜಿನಲ್ಲಿ ಮುಳುಗಿದ್ದವು. ಔಷಧ ಹೊಡೆಯುತ್ತಿದ್ದ ಹುಡುಗರು ನಮಗೆ ದಾರಿ ಬಿಟ್ಟು ಬದಿಗೆ ನಿಂತರು. ಅವರನ್ನು ನಾನು ದೂರಲಾರೆ. ತೇನೆಮಂಚು ಬಿದ್ದ ಮನೆಯ ಸಂಕಟ ನನಗೆ ಗೊತ್ತು. ಕಾರು ನಿಲ್ಲಿಸಿ ಅಂತ ಹೇಳಬೇಕು ಅನ್ನಿಸಿತು. ನಿಲ್ಲಿಸಿ ಏನು ಹೇಳುವುದು, ಯಾರ ಹೆಸರು ಹಿಡಿದು ಹೇಳುವುದು ಅಂತ ತಿಳಿಯದೆ ಸುಮ್ಮನಾದೆ.

ಅವರದು ಒಂದು ಫೋಟೋ ಕೂಡ ಇಲ್ಲ. ತಮ್ಮಾ ಅಂದವರು ಹೋದರು, ಏಮ್ರಾ ಅಂದವರು ಹೋದರು, ಸಾಮಿ ಅಂತಿದ್ದ ಗಾಡಿಯವನೂ ಹೋದ.

ಚಿಕ್ಕಮಾವ ಅಂತ ಕರೆಯುತ್ತಿದ್ದವಳು ಈ ಲೋಕದಲ್ಲಿ ನಾನೊಬ್ಬಳೇ. ನನ್ನ ಜೊತೆಗೆ ಆ ಮಾತೂ ಹೋಗುತ್ತದೆ.